ಒದ್ದೆ ಸೂರಿಗೆ ಬಣ್ಣ ಬಳಿಸಿದ ನನ್ನ ತಪ್ಪು: ಮನೆ ಬಾಡಿಗೆಗೆ ಕೊಟ್ಟಿರುವವರಿಗೆ ಎಚ್ಚರಿಕೆ

ನಾನು ಬಾಡಿಗೆಗೆ ಕೊಟ್ಟಿದ್ದ ಹಳೆಯ ಮನೆಯೊಂದರಲ್ಲಿ, ಕೆಳಮಹಡಿಯ ಮಲಗುವ ಕೋಣೆಯ ಸೂರಿನಿಂದ ಒಂದು ರಾತ್ರಿ ಅಂಗೈಗಿಂತ ದೊಡ್ಡದಾದ ಕಾಂಕ್ರೀಟ್ ಚಕ್ಕೆಯೊಂದು ಕಳಚಿ ಮಂಚದ ಮೇಲೆ ಬಿದ್ದಿತು. ಆ ಮಂಚದಲ್ಲಿ ದಿನವೂ ಮಲಗುತ್ತಿದ್ದ ಮಗು ಅಂದು ಪಕ್ಕದ ಕೋಣೆಯಲ್ಲಿ ಅಜ್ಜಿಯ ಜೊತೆ ಮಲಗಿತ್ತು ಎಂಬ ಒಂದೇ ಕಾರಣದಿಂದ ಅನಾಹುತ ತಪ್ಪಿತು. ಇದನ್ನು ಆಕಸ್ಮಿಕ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದರ ಮುನ್ಸೂಚನೆಯನ್ನು ಬಾಡಿಗೆದಾರರು ಮೂರು ವರ್ಷ ಮೊದಲೇ ನನಗೆ ತಿಳಿಸಿದ್ದರು.

"ಸೂರಿನಲ್ಲಿ ತಟ್ಟೆಯಗಲದ ಹಳದಿ ಕಲೆ ಮೂಡಿದೆ, ಮುಟ್ಟಿದರೆ ತಣ್ಣಗಿದೆ, ಒಮ್ಮೆ ಬಂದು ನೋಡಿ" ಎಂದು ಆ ಮನೆಯ ಹಿರಿಯರು ಫೋನ್ ಮಾಡಿದಾಗ ನಾನು ಹೋಗಲಿಲ್ಲ, ಬಣ್ಣದವನನ್ನು ಕಳುಹಿಸಿದೆ. ಅವನು ಕಲೆಯನ್ನು ಕೆರೆದು, ಪುಟ್ಟಿ ಹಚ್ಚಿ, ಎರಡು ಕೈ ಬಣ್ಣ ಬಳಿದು ಹೋದ. ಎರಡು ತಿಂಗಳೊಳಗೆ ಅದೇ ಜಾಗದಲ್ಲಿ ಬಣ್ಣ ಗುಳ್ಳೆಯೆದ್ದಿತು. ಮಳೆಗಾಲ ಕಳೆದ ಮೇಲೆ ಒಣಗುತ್ತದೆ ಎಂದು ಹೇಳಿ ನಾನು ಸುಮ್ಮನಾದೆ. ಆದರೆ ಬಿರುಬೇಸಿಗೆಯಲ್ಲಿಯೂ ಆ ಕಲೆ ಹರಡುತ್ತಲೇ ಇತ್ತು. ಮಳೆಯಿಲ್ಲದ ದಿನಗಳಲ್ಲಿಯೂ ಬೆಳೆಯುವ ತೇವಕ್ಕೆ ಮೂಲ ಮನೆಯೊಳಗಿನ ಪೈಪಿನಲ್ಲಿಯೋ ಮೇಲಿನ ಬಚ್ಚಲಿನಲ್ಲಿಯೋ ಇರುತ್ತದೆ ಎಂಬ ಸರಳ ಸಂಗತಿಯನ್ನು ನಾನು ಯೋಚಿಸಲೇ ಇಲ್ಲ. ಎರಡು ಸಲ ಹೇಳಿ ಫಲ ಕಾಣದ ಬಾಡಿಗೆದಾರರು ಮೂರನೆಯ ಸಲ ಹೇಳಲಿಲ್ಲ. ಹೆಚ್ಚು ದೂರಿದರೆ ಮನೆ ಬಿಡಿ ಎಂದಾರೋ ಎಂಬ ಅಂಜಿಕೆ ಅವರಿಗಿತ್ತೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಅವರ ಮೌನವನ್ನು ನಾನು ಎಲ್ಲವೂ ಸರಿಯಾಗಿದೆ ಎಂದೇ ತಿಳಿದಿದ್ದೆ.

ಚಕ್ಕೆ ಬಿದ್ದ ಮರುದಿನ ಮೇಸ್ತ್ರಿ ಏಣಿ ಹತ್ತಿ, ಸುತ್ತಿಗೆಯಿಂದ ಸೂರನ್ನು ಮೆಲ್ಲನೆ ತಟ್ಟುತ್ತಾ ಹೋದರು. ಗಟ್ಟಿಯಿರುವ ಕಡೆ ಬಿಗಿಯಾದ ಸದ್ದು ಬರುತ್ತಿತ್ತು. ಮಂಚದ ನೇರಕ್ಕೆ ಬರುತ್ತಿದ್ದಂತೆ ಖಾಲಿ ಡಬ್ಬ ಬಡಿದಂತೆ ಕೇಳಿಸತೊಡಗಿತು. ಬಿದ್ದದ್ದು ಒಂದು ಚಕ್ಕೆಯಾದರೂ ಬೀಳಲು ಸಿದ್ಧವಾಗಿದ್ದ ಜಾಗ ಒಂದು ಚಾಪೆಯಷ್ಟಿತ್ತು. ಒಡೆದು ನೋಡಿದಾಗ ಒಳಗಿನ ಕಬ್ಬಿಣದ ಸರಳುಗಳು ಈರುಳ್ಳಿ ಸಿಪ್ಪೆಯಂತೆ ಪದರುಪದರಾಗಿ ತುಕ್ಕು ಬಿಡುತ್ತಿದ್ದವು. ಕಾಂಕ್ರೀಟಿನಲ್ಲಿರುವ ಕ್ಷಾರದ ಗುಣ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಕಟ್ಟಡ ಹಳೆಯದಾದಂತೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಆ ಗುಣವನ್ನು ಕುಂದಿಸುತ್ತದೆ. ಅದರ ಮೇಲೆ ನೀರೂ ಸೇರಿದರೆ ಸರಳು ತುಕ್ಕು ಹಿಡಿದು, ಮೂಲ ಕಬ್ಬಿಣಕ್ಕಿಂತ 2 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಒಳಗಿನಿಂದ ಉಬ್ಬುವ ಆ ಒತ್ತಡವೇ ಕಾಂಕ್ರೀಟನ್ನು ಸೀಳಿ ಕೆಳಕ್ಕೆ ತಳ್ಳುತ್ತದೆ. ನಾನು ಬಳಿಸಿದ ಬಣ್ಣ ಈ ಕೆಲಸ ಕಣ್ಣಿಗೆ ಬೀಳದಂತೆ ಮರೆಮಾಡಿತೇ ಹೊರತು ಒಂದು ಹನಿ ನೀರನ್ನೂ ತಡೆಯಲಿಲ್ಲ.

ಸೋರಿಕೆಯ ಮೂಲ ಹುಡುಕಿದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದನ್ನು ಯಾರು ಬೇಕಾದರೂ ಮಾಡಬಹುದು. ಮೊದಲು ಎಲ್ಲ ನಲ್ಲಿಗಳನ್ನೂ ಮುಚ್ಚಿ, ತೊಟ್ಟಿಗೆ ನೀರು ತುಂಬುವುದನ್ನೂ ನಿಲ್ಲಿಸಿ, ತೊಟ್ಟಿಯ ಮಟ್ಟ ಗುರುತು ಹಾಕಿ ಒಂದು ರಾತ್ರಿ ಬಿಟ್ಟೆವು. ಮಟ್ಟ ಇಳಿಯಲಿಲ್ಲವಾದ್ದರಿಂದ ನೀರು ತರುವ ಪೈಪುಗಳು ಸರಿಯಿವೆ ಎಂದಾಯಿತು. ಅನಂತರ ಮೇಲಿನ ಬಚ್ಚಲಿನ ನೀರು ಹೋಗುವ ಕಿಂಡಿಯನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಬೆರಳಷ್ಟು ನೀರು ನಿಲ್ಲಿಸಿ, 24 ಗಂಟೆ ಕಾದೆವು. ಸೂರಿನ ತೇವ ಹೆಚ್ಚಲಿಲ್ಲ. ಕಿಂಡಿ ತೆರೆದು ಬಣ್ಣ ಕಲಸಿದ ನೀರನ್ನು ಸುರಿದ ಸ್ವಲ್ಪ ಹೊತ್ತಿನಲ್ಲಿಯೇ ಕೆಳಗಿನ ಸೂರಿನಲ್ಲಿ ಕೆಂಪು ಹನಿಯೊಂದು ಮೂಡಿತು. ಕಿಂಡಿಯ ಕೆಳಗಿನ ಪೈಪಿನ ಜೋಡಣೆ ಬಿಟ್ಟುಕೊಂಡಿತ್ತು. ಮೊದಲ ಫೋನ್ ಬಂದ ದಿನ ಪ್ಲಂಬರ್ ಬಂದಿದ್ದರೆ ಒಂದೆರಡು ದಿನದಲ್ಲಿ ಮುಗಿಯುತ್ತಿದ್ದ ಕೆಲಸವದು. ಈಗ ಸರಳುಗಳ ತುಕ್ಕು ತೆಗೆದು ಸೂರನ್ನು ಮತ್ತೆ ಕಟ್ಟಿಸಬೇಕಾಯಿತು, ಬಚ್ಚಲಿನ ನೆಲವನ್ನು ಪೂರ್ತಿ ಅಗೆಸಬೇಕಾಯಿತು, ಆ ಕುಟುಂಬವನ್ನು ಒಂದು ತಿಂಗಳು ಬೇರೆಡೆ ಇರಿಸಬೇಕಾಯಿತು.

ಇನ್ನೊಂದು ಅಪಾಯ ಆಗಲೇ ಬೆಳಕಿಗೆ ಬಂತು. ಸೂರಿನ ದೀಪಕ್ಕೆ ವೈರು ಹೋಗುವ ಕೊಳವೆಯೊಳಗೂ ನೀರಿಳಿದಿತ್ತು. ವಿದ್ಯುತ್ ಸೋರಿದರೆ ತಾನಾಗಿ ಕಡಿತಗೊಳಿಸುವ ಸ್ವಿಚ್ಚು ಆ ಮನೆಯಲ್ಲಿತ್ತಾದರೂ, ಅದರ ಪರೀಕ್ಷೆಯ ಗುಂಡಿಯನ್ನು ಒತ್ತಿದಾಗ ಅದು ಅಲುಗಲೇ ಇಲ್ಲ. ಎಷ್ಟು ಕಾಲದಿಂದ ಕೆಟ್ಟಿತ್ತೋ ಯಾರಿಗೂ ತಿಳಿಯದು. ಜೀವ ಉಳಿಸಲೆಂದು ಹಾಕುವ ಈ ಸಾಧನ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳಬೇಕು. ಆ ಗುಂಡಿಯನ್ನು ಆಗಾಗ ಒತ್ತಿ ನೋಡಲು ಬಾಡಿಗೆದಾರರಿಗೆ ಮನೆಗೆ ಬಂದ ದಿನವೇ ತೋರಿಸಿಕೊಡಿ.

ಬಾಡಿಗೆಗೆ ಇರುವವರಲ್ಲಿ ನನ್ನ ವಿನಂತಿ ಇಷ್ಟು: ತೇವದ ಕಲೆ ಕಂಡರೆ ಅದರ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೆರೆಯೆಳೆದು, ಪಕ್ಕದಲ್ಲಿ ದಿನಾಂಕ ಬರೆದು, ಫೋಟೋ ತೆಗೆದು ಮಾಲೀಕರಿಗೆ ಕಳುಹಿಸಿ, ಅದರ ಕೆಳಗಿರುವ ಮಂಚವನ್ನು ಅಂದೇ ಸರಿಸಿ. ಮಾಲೀಕರೇ, ಅಂಥ ಫೋಟೋ ಬಂದರೆ ನೀವೇ ಹೋಗಿ ಕೈಯಿಟ್ಟು ನೋಡಿ. ವಾರ ಕಳೆದು ಕಲೆ ಗೆರೆ ದಾಟಿದ್ದರೆ ಕರೆಯಬೇಕಾದದ್ದು ಪ್ಲಂಬರನ್ನು. ಬಣ್ಣದವನ ಸರದಿ ಗೋಡೆ ಪೂರ್ತಿ ಒಣಗಿದ ಮೇಲೆ.