ಎಳೆ ಗೇರುಬೀಜಕ್ಕೆ ಯಾವ ಮರ? ನಾಟಿ, ಉಳ್ಳಾಲ-3, ವೆಂಗುರ್ಲಾ-7

ಒಣಬೀಜ ಮಾರುವವರು ಗೇರಿನ ತಳಿಯನ್ನು ಅಳೆಯುವುದು ಬೀಜದ ತೂಕದಿಂದ, ತಿರುಳಿನ ಪ್ರಮಾಣದಿಂದ. ಪಲ್ಯಕ್ಕೆಂದು ಎಳೆಬೀಜ ಕೊಯ್ಯುವವರಿಗೆ ಈ ಅಳತೆ ಅಷ್ಟು ಒದಗುವುದಿಲ್ಲ. ನಮ್ಮ ಗುಡ್ಡೆಯಲ್ಲಿ ಹಳೆಯ ನಾಟಿ ಮರಗಳ ಜೊತೆ ಉಳ್ಳಾಲ-3 ಮತ್ತು ವೆಂಗುರ್ಲಾ-7 ಎಂಬ ಸುಧಾರಿತ ತಳಿಗಳ ಕಸಿಮರಗಳೂ ಇವೆ. ಮೂರರದ್ದನ್ನೂ ಹಸಿರಿರುವಾಗಲೇ ಕೊಯ್ದು, ಸೀಳಿ, ಬೇಯಿಸಿ ನೋಡಿದ್ದಾಯಿತು.

ಗೇರಿನಲ್ಲಿ ಮೊದಲು ಬೆಳೆಯುವುದು ಬೀಜ, ಹಣ್ಣು ಉಬ್ಬುವುದು ಆಮೇಲೆ. ಬೀಜ ಪೂರ್ತಿ ಗಾತ್ರಕ್ಕೆ ಬಂದು, ಸಿಪ್ಪೆ ಇನ್ನೂ ಹಸಿರಾಗಿ, ಕತ್ತಿಗೆ ಸಲೀಸಾಗಿ ಸೀಳುವ ಕೆಲವು ದಿನಗಳೇ ಪಲ್ಯದ ಹದ. ಅವಸರಪಟ್ಟರೆ ಒಳಗೆ ಬರೀ ಲೋಳೆ.

ವೆಂಗುರ್ಲಾ-7 ನೋಡಲು ಆಸೆ ಹುಟ್ಟಿಸುತ್ತದೆ. ಬಲಿತ ಬೀಜ ಸುಮಾರು 10 ಗ್ರಾಂ ತೂಗುವ ಜಾತಿ. ಎಳೆಯದೂ ಕೈತುಂಬ ಸಿಗುತ್ತದೆ, ಒಳಸಿಪ್ಪೆ ಬಿಡಿಸುವ ಕೆಲಸ ಬೇಗ ಮುಗಿಯುತ್ತದೆ. ಆದರೆ ಹೊರಗಿನ ಗಾತ್ರ ನಂಬಿ ಕೊಯ್ದರೆ ತಿರುಳು ತುಂಬಿರುವುದಿಲ್ಲ. ಬೆಂದಾಗ ಎರಡು ಹೋಳಾಗಿ ಬಿಡುತ್ತದೆ. ಕಾಯಿಮಸಾಲೆ ಅರೆದು ಹಾಕುವ ಗಸಿಗೆ ಅಡ್ಡಿಯಿಲ್ಲ, ತೊಂಡೆಕಾಯಿ ಪಲ್ಯದಲ್ಲಿ ಮಾತ್ರ ಸೋಲುತ್ತದೆ.

ಪಲ್ಯಕ್ಕೆ ಉಳ್ಳಾಲ-3ಕ್ಕೆ ಸಾಟಿಯಿಲ್ಲ. ಹೂ ಬಿಡುವ ಅವಧಿ ಚಿಕ್ಕದಾದ್ದರಿಂದ ಬೀಜಗಳು ಹೆಚ್ಚುಕಡಿಮೆ ಒಟ್ಟಿಗೇ ಹದಕ್ಕೆ ಬರುತ್ತವೆ. ತಿರುಳು ಗಟ್ಟಿ, ಬೆಂದರೂ ಇಡಿಯಾಗಿಯೇ ಉಳಿಯುತ್ತದೆ, ಹಲ್ಲಿಗೆ ಸಣ್ಣ ಸಿಹಿ. ಒಂದೇ ಕೊರತೆ: ಜನವರಿಗೇ ಶುರುವಾಗುವ ಈ ಮರದಲ್ಲಿ ಯುಗಾದಿ ಹೊತ್ತಿಗೆ ಎಳೆಬೀಜ ಹುಡುಕಬೇಕು.

ನಾಟಿಯದ್ದು ಒಂದು ಮಾತಲ್ಲಿ ಹೇಳುವಂಥದ್ದಲ್ಲ. ಬೀಜದಿಂದ ಹುಟ್ಟಿದ ಮರ, ಒಂದರ ಗುಣ ಇನ್ನೊಂದಕ್ಕಿಲ್ಲ. ಬಾವಿಕಟ್ಟೆ ಹತ್ತಿರದ್ದು ಬಾದಾಮಿಯಷ್ಟು ರುಚಿ, ಅದರಾಚೆಯದು ಬರೀ ಚಪ್ಪೆ. ಬೀಜ ಸಣ್ಣದು, ಬಿಡಿಸುವಷ್ಟರಲ್ಲಿ ಬೆನ್ನು ನೋಯುತ್ತದೆ. ಆದರೂ ಮನೆ ಅಡುಗೆಗೆ ನಾನು ಇದನ್ನೇ ಕೊಯ್ಯುವುದು. ರಸ ಹೀರುವ ಟೀ ಸೊಳ್ಳೆ ಎಂಬ ಕೀಟದ ಕಾಟ ಕಂಡ ಕಸಿಮರಗಳಿಗೆ ಹೂ ಬಿಡುವಾಗಲೂ ಕಾಯಿ ಕಚ್ಚುವಾಗಲೂ ಔಷಧಿ ಹೊಡೆಯುತ್ತೇವೆ. ಎಳೆಬೀಜ ಕೊಯ್ಯುವ ಸಮಯವೂ ಅದೇ ಹತ್ತಿರ ಹತ್ತಿರ. ಹೊಡೆದ ಮರದ್ದು ಪಲ್ಯಕ್ಕೆ ಬೇಡ, ಯಾವ ತಳಿಯಾದರೂ ಸರಿ.

ಸೊನೆಯ ವಿಷಯದಲ್ಲಿ ಮೂರೂ ಒಂದೇ. ಕೈಗೆ ಕೊಬ್ಬರಿ ಎಣ್ಣೆ ಬಳಿಯದೆ ಸೀಳಿದರೆ ಚರ್ಮ ಸುಟ್ಟು ಸುಲಿಯುತ್ತದೆ.

ಇನ್ನು ಮಾರುವ ಲೆಕ್ಕ. ನಮ್ಮ ಕಡೆ ಎಳೆಬೀಜ ನೂರರ ಎಣಿಕೆಯಲ್ಲಿ ಹೋಗುತ್ತದೆ. ವೆಂಗುರ್ಲಾ-7ರ ನೂರು ಬೀಜ ಮರದಲ್ಲೇ ಬಲಿತಿದ್ದರೆ ಸುಮಾರು ಒಂದು ಕಿಲೋ. ಉಳ್ಳಾಲ-3ರದ್ದು ಸುಮಾರು 700 ಗ್ರಾಂ. ಎರಡಕ್ಕೂ ಒಂದೇ ದರ ಕೊಡುತ್ತೇನೆಂದು ಬರುವ ವ್ಯಾಪಾರಿಗೆ ನಾನು ಔಷಧಿ ಹೊಡೆಯದ ಉಳ್ಳಾಲದ ಮರ ತೋರಿಸುತ್ತೇನೆ. ದೊಡ್ಡ ಬೀಜವೇ ಬೇಕೆಂದರೆ ನೂರಕ್ಕೆ ದರ ಏರಿಸಲಿ.