ಆಸ್ಟ್ರೇಲಿಯಾ ಪಿಆರ್‌: 190ಕ್ಕೆ ಕಾಯಬೇಕಾ, 491 ಹಿಡಿಯಬೇಕಾ?

ಪಿಆರ್‌ ಅಂದರೆ ಕಾಯಂ ನಿವಾಸದ ಹಕ್ಕು; 190, 491 ಅನ್ನುವುದು ನುರಿತ ಕೆಲಸಗಾರರಿಗೆ ಕೊಡುವ ಎರಡು ವೀಸಾಗಳ ಸಂಖ್ಯೆ. ಎರಡಕ್ಕೂ ಅಲ್ಲಿನ ರಾಜ್ಯ ಸರ್ಕಾರ ನಿಮ್ಮನ್ನು ನಾಮನಿರ್ದೇಶನ ಮಾಡಬಹುದು. ವಯಸ್ಸು, ಓದು, ಅನುಭವ ಮುಂತಾದವಕ್ಕೆ ಕೊಡುವ ಅಂಕ ಒಟ್ಟು ಕನಿಷ್ಠ 65 ಬೇಕು, 45 ವರ್ಷ ತುಂಬುವ ಮೊದಲೇ ಅರ್ಜಿ ಹಾಕಲು ಆಹ್ವಾನ ಬಂದಿರಬೇಕು.

190 ಸಿಕ್ಕ ದಿನವೇ ನೀವು ಕಾಯಂ ನಿವಾಸಿ. ಆದರೆ ನಾಮನಿರ್ದೇಶನಕ್ಕೆ ಬರೀ 5 ಅಂಕ.

491ಕ್ಕೆ 15 ಅಂಕ ಸಿಗುತ್ತದೆ. ಇದು 5 ವರ್ಷದ ತಾತ್ಕಾಲಿಕ ವೀಸಾ. ಸರ್ಕಾರ ‘ಪ್ರಾದೇಶಿಕ’ ಎಂದು ಪಟ್ಟಿ ಮಾಡಿದ ಭಾಗದಲ್ಲೇ ಇದ್ದು ದುಡಿಯಬೇಕು. 3 ವರ್ಷದ ತೆರಿಗೆ ದಾಖಲೆ ತೋರಿಸಿ 191 ಅನ್ನುವ ಕಾಯಂ ವೀಸಾಕ್ಕೆ ಅರ್ಜಿ ಹಾಕಿದರೆ ಆಮೇಲೆ ಪಿಆರ್‌. ಪ್ರಾದೇಶಿಕ ಅಂದ ತಕ್ಷಣ ಕುಗ್ರಾಮ ಅಂದುಕೊಳ್ಳಬೇಡಿ. ಪರ್ತ್‌, ಅಡಿಲೇಡ್‌, ಕ್ಯಾನ್‌ಬೆರಾ ಕೂಡ ಆ ಪಟ್ಟಿಯಲ್ಲಿವೆ! ಸಿಡ್ನಿ, ಮೆಲ್ಬರ್ನ್‌, ಬ್ರಿಸ್ಬೇನ್‌ ಮಾತ್ರ ಇಲ್ಲ.

ಸಿಡ್ನಿಯೇ ಬೇಕು ಅನ್ನುವವರು 491 ಮುಟ್ಟಲೇಬೇಡಿ. ಊರು ಯಾವುದಾದರೂ ಸರಿ ಅನ್ನುವವರಿಗೆ ನನ್ನ ಮತ 491ಕ್ಕೆ. ಸುಮ್ನೆ ಕಾಯುತ್ತಾ 40 ತುಂಬಿದರೆ ವಯಸ್ಸಿನ ಅಂಕ 25ರಿಂದ 15ಕ್ಕೆ ಇಳಿಯುತ್ತದೆ.