ಗ್ಲ್ಯಾಡ್‌ಸ್ಟನ್ ಲಿಂಕ್: ಆಕ್ಸ್‌ಫರ್ಡಿನ ನೆಲದಡಿಯ ಓದುಮನೆ

ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ಸಾಮಾನ್ಯವಾಗಿ ಮನೆಗೆ ಪುಸ್ತಕ ಕೊಡುವುದಿಲ್ಲ. 1645ರಲ್ಲಿ ದೊರೆ ಒಂದನೆಯ ಚಾರ್ಲ್ಸ್ ಕೇಳಿದಾಗಲೂ ಕೊಟ್ಟಿರಲಿಲ್ಲ. ಪುಸ್ತಕಗಳಲ್ಲಿ ಬಹಳಷ್ಟು ಇರುವುದು ಸ್ವಿಂಡನ್ ಬಳಿಯ ಉಗ್ರಾಣದಲ್ಲಿ. ಬೇಡಿಕೆ ಹಾಕಿ, ವ್ಯಾನು ಬರುವವರೆಗೆ ಕಾಯಬೇಕು. ಅಂಥ ಗ್ರಂಥಾಲಯದಲ್ಲಿ ಸುಮಾರು 2,70,000 ಪುಸ್ತಕ ಹಿಡಿಸುವ ಗ್ಲ್ಯಾಡ್‌ಸ್ಟನ್ ಲಿಂಕ್‌ಗೆ ಇಳಿದು, ಬೇಕಾದ ಪುಸ್ತಕವನ್ನು ನಿಮ್ಮ ಕೈಯಿಂದಲೇ ತೆಗೆದುಕೊಳ್ಳಬಹುದು. ಈ ಜಾಗದ ನಿಜವಾದ ಬೆಲೆ ಅದೇ.

ರ್‍ಯಾಡ್‌ಕ್ಲಿಫ್ ಚೌಕದ ಕಲ್ಲುಹಾಸಿನ ಅಡಿಯಲ್ಲಿ ಎರಡು ಅಂತಸ್ತು. 1909ರಿಂದ 1912ರ ನಡುವೆ ಅಗೆದು ಕಟ್ಟಿದ್ದು. ಅಂದಿನಿಂದ ಬರೀ ಉಗ್ರಾಣವಾಗಿತ್ತು, ಒಳಗೆ ಓಡಾಡುತ್ತಿದ್ದವರು ಸಿಬ್ಬಂದಿ ಮಾತ್ರ. ಓದುಗರಿಗೆ ಬಾಗಿಲು ತೆರೆದದ್ದು 2011ರಲ್ಲಿ. ಒಂದು ತುದಿ ಹಳೆಯ ಬೋಡ್ಲಿಯನ್‌ಗೆ, ಇನ್ನೊಂದು ರ್‍ಯಾಡ್‌ಕ್ಲಿಫ್ ಕ್ಯಾಮೆರಾ ಎಂಬ ದುಂಡನೆಯ ಗುಮ್ಮಟದ ಓದುಮನೆಗೆ ಸೇರುತ್ತದೆ. ಮಳೆ ಬಂದಾಗ ಕೋಟು ನೆನೆಯದಂತೆ ಅತ್ತಿಂದಿತ್ತ ಹೋಗಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಮೇಲಂತಸ್ತಿನಲ್ಲಿ ಹಳೆಯ ಕಪಾಟುಗಳಲ್ಲಿ ಕೆಲವನ್ನು ಉಳಿಸಿದ್ದಾರೆ. ಅವುಗಳ ಮುಂದೆ ಐದು ನಿಮಿಷ ನಿಲ್ಲಲೇಬೇಕು. ಕಪಾಟು ಮೇಲಿನ ಕಂಬಿಯಿಂದ ತೂಗುತ್ತದೆ. ಒಂದರ ಮೈಗೆ ಒಂದು ಅಂಟಿಕೊಂಡು ನಿಂತಿರುತ್ತವೆ, ಬೇಕಾದ್ದನ್ನಷ್ಟೇ ಹೊರಗೆಳೆದು ಎರಡು ಬದಿಯಿಂದಲೂ ಪುಸ್ತಕ ತೆಗೆಯುವುದು. ನಡುವೆ ಓಣಿ ಬಿಡುವ ಅಗತ್ಯವೇ ಇಲ್ಲ. ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿಲಿಯಂ ಗ್ಲ್ಯಾಡ್‌ಸ್ಟನ್ ಕೊಟ್ಟ ಉಪಾಯ ಇದು. ಸರಿಯಾಗಿ ಕಟ್ಟಿದ ಕೋಣೆಯ ಮೂರನೇ ಎರಡು ಪಾಲಿನಷ್ಟನ್ನು ಪುಸ್ತಕಗಳಿಂದಲೇ ತುಂಬಬಹುದು ಎಂಬುದು ಅವನ ಲೆಕ್ಕ.

ಕೆಳ ಅಂತಸ್ತಿನಲ್ಲಿ ಹೊಸಬರು ಎಡವುವುದು ಪುಸ್ತಕ ಇರುವ ಜಾಗ ತಿಳಿಸುವ ಸಂಖ್ಯೆಯಲ್ಲಿ. ಗ್ರಂಥಾಲಯದ ಆನ್‌ಲೈನ್ ಪಟ್ಟಿಯಾದ ಸೋಲೋದಲ್ಲಿ ‘ಲೋವರ್ ಗ್ಲ್ಯಾಡ್‌ಸ್ಟನ್ ಲಿಂಕ್’ ಎಂದು ನೋಡಿ, ಸಂಖ್ಯೆ ಅರ್ಧ ಬರೆದುಕೊಂಡು ಇಳಿದುಬಿಡುತ್ತಾರೆ. ಅಲ್ಲಿ ಎಷ್ಟೋ ಪುಸ್ತಕಗಳು ವಿಷಯದ ಪ್ರಕಾರ ಇಲ್ಲ. ಎಂ05.ಇ ಎಂದು ಶುರುವಾದರೆ 05 ಎಂದರೆ 2005ನೇ ವರ್ಷ, ಇ ಎಂದರೆ ಪುಸ್ತಕದ ಅಳತೆ, ಆಮೇಲಿನದು ಸರಣಿ ಸಂಖ್ಯೆ. ಇ ಬಿಟ್ಟು ಎಫ್ ಸಾಲಿಗೆ ಹೋದರೆ ಅರ್ಧ ಗಂಟೆ ಹುಡುಕಿದರೂ ಸಿಗದು. ಇದೇ ಕಾರಣಕ್ಕೆ ಒಬ್ಬನೇ ಲೇಖಕನ ಎರಡು ಪುಸ್ತಕ ಅಕ್ಕಪಕ್ಕ ಇರುತ್ತವೆಂದು ನಂಬಬೇಡಿ. ಕಪಾಟಿನ ಮುಂದೆ ನಿಂತು ಆ ವಿಷಯದ ಬೇರೆ ಪುಸ್ತಕಗಳ ಮೇಲೂ ಕಣ್ಣಾಡಿಸುವ ಸುಖ ಈ ಸಾಲುಗಳಲ್ಲಿ ಇಲ್ಲ. ಪೂರ್ತಿ ಸಂಖ್ಯೆಯ ಫೋಟೋ ಮೇಲೆಯೇ ತೆಗೆದುಕೊಂಡು ಇಳಿಯಿರಿ. ಕೆಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ, ವೈಫೈ ಬಳಸಿ.

ಕೂತು ಓದಲು? ಒಂದೆರಡು ಗಂಟೆಗೆ ಬಹಳ ಚೆನ್ನ, ಇಡೀ ದಿನಕ್ಕಲ್ಲ. ಕಿಟಕಿಯಿಲ್ಲ, ಚಾವಣಿ ತಗ್ಗು. ಹೊರಗೆ ಕತ್ತಲಾದದ್ದೂ ತಿಳಿಯದೆ ಕಣ್ಣು, ಕತ್ತು ಎರಡೂ ಸೋಲುತ್ತವೆ. ಇಲ್ಲಿಂದ ತೆಗೆದ ಪುಸ್ತಕವನ್ನು ಹಳೆಯ ಬೋಡ್ಲಿಯನ್ನಿನ ಅಥವಾ ಕ್ಯಾಮೆರಾದ ಓದುಕೋಣೆಗೆ ಒಯ್ಯಲು ಅವಕಾಶವಿದೆ. ಬೆಳಕು ಬೇಕೆನ್ನುವವರು ಹಾಗೆ ಮಾಡುವುದೇ ಸರಿ. ಪರೀಕ್ಷೆಯ ತಿಂಗಳಾದ ಮೇ ಬಂದರೆ ಕುರ್ಚಿ ಸಿಗುವುದು ಕಷ್ಟ, ಬೆಳಿಗ್ಗೆಯೇ ಹೋಗಿ. ತಿಂಡಿ ಒಯ್ಯುವಂತಿಲ್ಲ, ನೀರು, ಕಾಫಿ ಬಿಗಿ ಮುಚ್ಚಳದ ಲೋಟದಲ್ಲಿದ್ದರೆ ಸರಿ.

ಓದುಗರ ಕಾರ್ಡಿಲ್ಲದೆ ಒಳಗೆ ಬಿಡುವುದಿಲ್ಲ. ಅಲ್ಲಿ ಓದುವ ಮಗನನ್ನೋ ಮಗಳನ್ನೋ ನೋಡಲು ಬೆಂಗಳೂರಿನಿಂದ ಹೋದ ಅಪ್ಪ ಅಮ್ಮಂದಿರು ಟಿಕೆಟ್ ಕೊಳ್ಳುವಾಗ ಗಮನಿಸಿ: ಅರ್ಧ ಗಂಟೆಯ ಚಿಕ್ಕ ಪ್ರವಾಸದಲ್ಲಿ ಇದು ಸೇರಿಲ್ಲ. ತೊಂಬತ್ತು ನಿಮಿಷದ ಪ್ರವಾಸದಲ್ಲಿ ಇದೆಯೇ ಎಂದು ಕೇಳಿ ಖಚಿತಪಡಿಸಿಕೊಂಡು ಮುಂಗಡ ಕಾಯ್ದಿರಿಸಿ.